ಕಟ್ಟಿ ಮೇಯಿಸಿದ ದೇವರ ಹೋರಿ

ಯಲಬುರ್ಗಾ ತಾಲೂಕಿನ ನಮ್ಮ ಊರಲ್ಲಿ ನಾನು ಚಿಕ್ಕವನಿದ್ದಾಗ ಕೆಲಸ ಮಾಡದೆ ಉಣ್ಣುವ ಹಕ್ಕು ಇಬ್ಬರಿಗೆ ಮಾತ್ರ ಇತ್ತು. ಒಂದು, ಬಸವಣ್ಣನ ಗುಡಿಗೆ ಬಿಟ್ಟ ಹೋರಿಗೆ. ಇನ್ನೊಂದು, ನನಗೆ. ಹೋರಿ ಮುಪ್ಪಾಗಿ ತೀರಿಕೊಂಡಾಗ ಊರವರೆಲ್ಲ ಸೇರಿ ಬಾಜಾ ಬಜಂತ್ರಿ ಹಚ್ಚಿ ಮಣ್ಣು ಕೊಟ್ಟರು. ನಾನು ಇನ್ನೂ ಇದ್ದೇನೆ. ನಲವತ್ತು ವರ್ಷ, ಸರ್ಕಾರಿ ನೌಕರಿ, ಕೊಪ್ಪಳದಲ್ಲಿ ಬಾಡಿಗೆ ಮನೆ, ಒಬ್ಬ ಹೆಂಡತಿ, ಒಂದು ಹೃದಯ. ಹೆಂಡತಿ ಇರುವುದು ಮದುವೆಯಾದ ದಿನದಿಂದಲೇ ಗೊತ್ತಿತ್ತು. ಹೃದಯ ಇರುವುದು ಗೊತ್ತಾಗಿದ್ದು ಎರಡು ವರ್ಷದ ಹಿಂದೆ.

ದೇವರ ಹೋರಿ ಎಂದರೇನು ಎಂದು ಮೊದಲೇ ಹೇಳಿಬಿಡುತ್ತೇನೆ. ಮನೆಗೆ ದೊಡ್ಡ ಕಷ್ಟ ಬಂದಾಗ ನಮ್ಮ ಕಡೆ ಒಂದು ಹೋರಿಗರುವನ್ನು ಬಸವಣ್ಣನಿಗೆ ಬಿಡುತ್ತೇವೆಂದು ಹರಕೆ ಹೊರುತ್ತಾರೆ. ಬಿಟ್ಟ ಮೇಲೆ ಅದಕ್ಕೆ ಮೂಗುದಾರ ಇಲ್ಲ, ನೊಗ ಇಲ್ಲ, ಗೂಟ ಇಲ್ಲ. ಯಾರ ಹೊಲಕ್ಕೆ ನುಗ್ಗಿ ಸಜ್ಜೆ ಮೇಯ್ದರೂ ಬಡಿಗೆ ಎತ್ತುವಂತಿಲ್ಲ. ಮನೆ ಮುಂದೆ ಬಂದು ನಿಂತರೆ ರೊಟ್ಟಿಯನ್ನೋ ನುಚ್ಚನ್ನೋ ಇಟ್ಟು ಕೈ ಮುಗಿಯಬೇಕು.

ನನಗೆ ಒಂಬತ್ತು ವರ್ಷವಿದ್ದಾಗ ರಕ್ತದ ಕ್ಯಾನ್ಸರ್ ಬಂತು. ಅಪ್ಪ, ಅವ್ವ ನನ್ನನ್ನು ದೂರದ ಊರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಊರಿಂದ ಬಸ್ಸಿನ ರಸ್ತೆವರೆಗೆ ನನ್ನ ಅಣ್ಣ ನನ್ನನ್ನು ಬೆನ್ನ ಮೇಲೆ ಹೊತ್ತು ತರುತ್ತಿದ್ದ, ಅವನಿಗಾಗ ಹದಿನಾಲ್ಕು. ಆಸ್ಪತ್ರೆಯ ಬಗ್ಗೆ ಅಳುವಂಥ ಸಂಗತಿಗಳು ಬೇಕಾದಷ್ಟಿವೆ, ಅವನ್ನು ಬೇರೆಯವರು ಹೇಳಿಕೊಳ್ಳಲಿ. ನನಗೆ ಚೆನ್ನಾಗಿ ನೆನಪಿರುವುದು ಕೆಂಪು ಔಷಧಿ. ದಾಸವಾಳದ ಬಣ್ಣದ ನೀರು, ನಳಿಗೆಯಲ್ಲಿ ಇಳಿದು ಕೈಯೊಳಗೆ ಹೋಗುತ್ತಿತ್ತು. ಮೊದಲ ಸಲ ಅದನ್ನು ಹಾಕಿಸಿಕೊಂಡ ಸಂಜೆ ನನ್ನ ಮೂತ್ರವೂ ಕೆಂಪಾಯಿತು. ಅಪ್ಪ ಮೂತ್ರದ ಬಾಟಲಿಯನ್ನು ಎತ್ತಿ ಹಿಡಿದುಕೊಂಡು ವಾರ್ಡಿನ ಈ ತುದಿಯಿಂದ ಆ ತುದಿಗೆ ಓಡಿದ. "ರಕ್ತ ಹೊಂಟೈತ್ರಿ, ನನ್ನ ಮಗನ ರಕ್ತೆಲ್ಲಾ ಹೊಂಟೈತ್ರಿ!" ನರ್ಸು ಬಾಟಲಿ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಅದು ಔಷಧಿ ಬಣ್ಣ ರೀ ಯಜಮಾನ್ರ" ಎಂದಳು. ವಾರ್ಡಿನ ತಾಯಿ ತಂದೆಯರೆಲ್ಲ ನಕ್ಕರು. ಆಮೇಲೆ ಅಪ್ಪನೂ ನಕ್ಕ, ಬಾಟಲಿ ಇನ್ನೂ ಕೈಯಲ್ಲೇ ಇತ್ತು.

ನಡುವೆ ಒಂದು ವಾರ ನಾನು ಬಹಳ ಸೋತೆ. ಆಗ ಅವ್ವ ನನ್ನನ್ನು ಅಪ್ಪನ ಹತ್ತಿರ ಬಿಟ್ಟು, ಒಬ್ಬಳೇ ಬಸ್ಸು ಹತ್ತಿ ಊರಿಗೆ ಬಂದು, ಮನೆಗೂ ಹೋಗದೆ ನೇರ ಬಸವಣ್ಣನ ಗುಡಿಯಲ್ಲಿ ನಿಂತಳಂತೆ. ನಮ್ಮ ಮನೆಯಲ್ಲಿ ಆಗ ಬಿಡಲಿಕ್ಕೆ ಒಂದು ಕರುವೂ ಇರಲಿಲ್ಲ. ಅದಕ್ಕೆ ಅವಳು ನನ್ನನ್ನೇ ಬಿಟ್ಟಳು. "ನನ್ನ ಹಂತ್ಯಾಕ ಹೋರಿ ಇಲ್ಲಪ್ಪಾ. ನನ್ನ ಮಗನ್ನ ಬಿಡ್ತೀನಿ ತಗೋ. ಉಳಿಸಿಕೊಡು. ಅವನ ಹೆಗಲ ಮ್ಯಾಲೆ ನೊಗ ಇಡಂಗಿಲ್ಲ, ಬದುಕಿರೋತನಕ ಕೆಲಸ ಹಚ್ಚಂಗಿಲ್ಲ." ಪೂಜಾರಿ ಪಕ್ಕದಲ್ಲೇ ಇದ್ದ. ಅವ್ವ ಮನೆ ಮುಟ್ಟುವ ಮೊದಲೇ ಹರಕೆಯ ಸುದ್ದಿ ಊರೆಲ್ಲ ಮುಟ್ಟಿತ್ತು.

ನಾನು ಉಳಿದೆ. ಎರಡು ವರ್ಷಕ್ಕೂ ಹೆಚ್ಚು ಔಷಧಿ, ಆಮೇಲೆ ಹದಿನಾರನೆಯ ವಯಸ್ಸಿನವರೆಗೆ ತಪಾಸಣೆ. ಕೊನೆಯ ಸಲ ಹೋದಾಗ ಅಲ್ಲಿಯ ಡಾಕ್ಟರು ಒಂದು ದಪ್ಪ ಕಡತ ಕೊಟ್ಟು, "ಇದನ್ನು ಜೋಪಾನವಾಗಿ ಇಟ್ಟುಕೊಳ್ಳಿ" ಎಂದರು. ಮುಂದೆ ಇನ್ನೂ ಏನೇನೋ ಹೇಳಿದರು, ಆದರೆ ಅವ್ವ ಅಷ್ಟರಲ್ಲಿ ಅವರ ಕಾಲಿಗೆ ಬಿದ್ದಿದ್ದಳು, ಅಪ್ಪ ಅಳುತ್ತಿದ್ದ, ಯಾರ ಕಿವಿಗೂ ಏನೂ ಬೀಳಲಿಲ್ಲ. ಬಸ್ಸಿನಲ್ಲಿ ಆ ಕಡತವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದವನು ನಾನೇ. ಬಿಚ್ಚಿ ಓದಲಿಲ್ಲ. ಅದರ ಮೇಲೆ ಕಾಗದ ಹಾಸಿ ಮಂಡಕ್ಕಿ ಸುರಿದುಕೊಂಡು ತಿಂದೆ.

ಜೋಪಾನವಾಗಿ ಇಡಿ ಎಂದದ್ದನ್ನು ಅವ್ವ ಮಾತ್ರ ಕೇಳಿಸಿಕೊಂಡಿದ್ದಳು. ಆ ಸಂಜೆಯೇ ಕಡತವನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ಅರಿಶಿನದ ದಾರ ಕಟ್ಟಿ, ದೇವರ ಜಗಲಿಯ ಮೇಲೆ ಬಸವಣ್ಣನ ಪಕ್ಕ ಇಟ್ಟಳು. ಅಂದಿನಿಂದ ಪ್ರತಿ ಸೋಮವಾರ ಅದಕ್ಕೆ ಕುಂಕುಮ, ಮಹಾನವಮಿಗೆ ಚೆಂಡು ಹೂವು. ಬಿಚ್ಚಲಿಕ್ಕೆ ಮಾತ್ರ ಯಾರಿಗೂ ಅಪ್ಪಣೆ ಇಲ್ಲ. "ಬ್ಯಾನಿ ಅದರಾಗ ಕಟ್ಟಿ ಹಾಕೀನಿ. ಬಿಚ್ಚಿದರ ಹೊರಗ ಬರತೈತಿ" ಎನ್ನುತ್ತಿದ್ದಳು. ಅಪ್ಪ ನಾಲ್ಕನೆಯ ಇಯತ್ತೆ ಓದಿದವನು, ಓದಬಹುದಿತ್ತು. ಅವ್ವನ ಮಾತು ಮೀರಲಿಲ್ಲ. ಮೂರು ವರ್ಷದ ಮೇಲೆ ತೀರಿಕೊಂಡ.

ಊರು ಹರಕೆಯನ್ನು ಅವ್ವನಿಗಿಂತ ಶ್ರದ್ಧೆಯಿಂದ ನಡೆಸಿತು. ಯಾರ ಮನೆ ಮುಂದೆ ಹಾದರೂ ಕರೆದು ಉಣ್ಣಿಸುವರು. ಬೆಣ್ಣೆ ಹಚ್ಚಿದ ರೊಟ್ಟಿ, ತುಪ್ಪ ಸುರಿದ ಮಾದಲಿ, ಸಂತೆಯ ದಿನ ಮಿರ್ಚಿ ಭಜಿ. ಕುಷ್ಟಗಿಯಲ್ಲಿದ್ದ ಚಿಗವ್ವ ಡಬ್ಬಿ ತುಂಬ ಶೇಂಗಾ ಹೋಳಿಗೆ ಮಾಡಿ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸುತ್ತಿದ್ದಳು. ಸಾಲಿಯಲ್ಲಿ ಹುಡುಗರು ಕಬಡ್ಡಿ ಆಡುವಾಗ ನಾನು ಬೇವಿನ ಮರದ ಕೆಳಗೆ ಕೂತು ಎಲ್ಲರ ಚಪ್ಪಲಿ ಕಾಯುತ್ತಿದ್ದೆ. ಬಿತ್ತುವ ಕಾಲಕ್ಕೆ ಅಣ್ಣ ಕೂರಿಗೆ ಹಿಡಿದರೆ ನಾನು ಬದುವಿನ ಮೇಲೆ ಕೂತು ನೀರಿನ ಕೊಡ ಕಾಯುತ್ತಿದ್ದೆ. ಒಂದು ಚೀಲ ಎತ್ತಲು ಬಗ್ಗಿದರೆ ನಾಲ್ಕು ಹೊಲದಾಚೆಯಿಂದ ನಾಲ್ಕು ದನಿ ಬರುತ್ತಿದ್ದವು: "ಏ ಕುಂದ್ರೋ!" ಸುಳ್ಳು ಏಕೆ ಹೇಳಲಿ, ನನಗೆ ಅದು ಬಹಳ ಹಿತವಾಗಿತ್ತು. ಹತ್ತು ಜನ ಬೆವರುವುದನ್ನು ನೆರಳಲ್ಲಿ ಕೂತು ನೋಡುವುದಕ್ಕಿಂತ ದೊಡ್ಡ ಸುಖ ಎಮ್ಮೆಗೂ ಇಲ್ಲ.

ಕೂತು ಕೂತು ಓದಿದೆ, ಓದಿ ಓದಿ ಕೂತು ಮಾಡುವ ನೌಕರಿ ಹಿಡಿದೆ. ಮುನಿರಾಬಾದಿನಲ್ಲಿ ನೀರಾವರಿ ಕಚೇರಿಯಲ್ಲಿ ಗುಮಾಸ್ತ. ಕಾಲುವೆಯ ಕೊನೆಯ ಭಾಗದ ರೈತರ ಅರ್ಜಿಗಳು, ತೂಬಿನ ತಕರಾರುಗಳು, ಎಲ್ಲ ಕಡತಗಳೂ ನನ್ನ ಮೇಜಿನ ಮೇಲೆ ಬಿಚ್ಚಿಕೊಳ್ಳುತ್ತವೆ. ಕೊನೆಯ ಹಾಳೆಯವರೆಗೆ ಓದದೆ ಸಹಿಗೆ ಕಳಿಸುವವನಲ್ಲ ಎಂದು ನನಗೆ ಕಚೇರಿಯಲ್ಲಿ ಹೆಸರಿದೆ. ಇಂಥವನು ತನ್ನ ಸ್ವಂತ ಕಡತವನ್ನು ಇಪ್ಪತ್ತೆರಡು ವರ್ಷ ಬಿಚ್ಚಲಿಲ್ಲ. ಅವ್ವನ ಭಯ ಎಂದು ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ಭಯ ನನ್ನದೂ ಆಗಿತ್ತು.

ಹೆಂಡತಿ ಗಂಗಾವತಿಯವಳು, ಸಾಲಿ ಟೀಚರು. ಕಾಲುವೆ ನೀರು, ಅಕ್ಕಿ ಗಿರಣಿ, ಗಡಿಬಿಡಿ, ಇವುಗಳ ನಡುವೆ ಬೆಳೆದವಳು, ನಿಂತು ನೋಡುವ ಸ್ವಭಾವ ಅಲ್ಲ. ಹೆಣ್ಣು ನೋಡಲು ಹೋದ ದಿನವೇ ಅವ್ವ ನನ್ನ ಕಾಯಿಲೆಯನ್ನು ಮುಚ್ಚಿಡದೆ, ಹೆಚ್ಚಾಗಿ ಅಭಿಮಾನದಿಂದಲೇ ಹೇಳಿದ್ದಳು. "ನನ್ನ ಮಗ ದೇವರಿಗೆ ಬಿಟ್ಟವ. ಅವಗ ಕೆಲಸ ಹೇಳಂಗಿಲ್ಲ ನೋಡವ್ವಾ." ಹುಡುಗಿ ತಲೆಯಾಡಿಸಿದಳು. ಮದುವೆಯಾಗಿ ತಿಂಗಳಾಗಿರಲಿಲ್ಲ, ಗ್ಯಾಸಿನ ಸಿಲಿಂಡರು ಖಾಲಿಯಾಯಿತು. ನಾನು ಬಾಗಿಲಲ್ಲಿ ನಿಂತು ಅದನ್ನು ಗೌರವದಿಂದ ನೋಡುತ್ತಿದ್ದೆ. ಅವಳು ಸೆರಗು ಸಿಕ್ಕಿಸಿ, ತಾನೇ ಸಿಲಿಂಡರನ್ನು ಉರುಳಿಸಿಕೊಂಡು ಬಂದು, "ದೇವರ ಹೋರಿ, ಜರಾ ದಾರಿನಾದ್ರೂ ಬಿಡ್ರಿ" ಎಂದಳು. ಅಂದಿನಿಂದ ಮನೆಯಲ್ಲಿ ನನಗೆ ಅದೇ ಹೆಸರು.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಇಬ್ಬರೂ ಕೊಪ್ಪಳ ಸ್ಟೇಷನ್ನಿನ ಮೇಲ್ಸೇತುವೆ ಹತ್ತುತ್ತಿದ್ದೆವು. ಆಚೆ ಬದಿ ಮುಟ್ಟುವುದರಲ್ಲಿ ನಾನು ಮೂರು ಸಲ ನಿಂತೆ. ಒಮ್ಮೆ ಚಪ್ಪಲಿ ಸರಿಮಾಡಿಕೊಂಡೆ, ಒಮ್ಮೆ ಕೋಟೆ ಗುಡ್ಡ ನೋಡಿದೆ, ಒಮ್ಮೆ ಫೋನು ತೆಗೆದೆ.

"ಯಾರ ಫೋನ್ ರೀ?" ಎಂದಳು.

"ಕಚೇರಿಯವರದು."

"ಫೋನ್ ಉಲ್ಟಾ ಹಿಡಕೊಂಡೀರಿ."

ಗಿಣಿಗೇರಾ ಕಾರ್ಖಾನೆಗಳ ಹೊಗೆ ಎಂದೆ, ಸೆಕೆ ಎಂದೆ, ರಾತ್ರಿ ತಿಂದ ಭಜಿ ಎಂದೆ. ಅವಳು ಯಾವುದನ್ನೂ ಒಪ್ಪಲಿಲ್ಲ. "ಹೊಗಿ ನನಗೂ ಬರತೈತಿ, ಭಜಿ ನಾನೂ ತಿಂದೀನಿ" ಎಂದು, ಆ ದಿನ ರಜೆ ಬರೆಸಿ, ನೇರ ಹೃದಯದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

ಡಾಕ್ಟರು ನಮ್ಮ ಜಿಲ್ಲೆಯವರೇ, ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಿಪಿ ನೋಡಿ, ತೂಕ ನೋಡಿ, "ಸಣ್ಣವರಿದ್ದಾಗ ಏನರ ದೊಡ್ಡ ಜಡ್ಡು ಆಗಿತ್ತೇನ್ರಿ?" ಎಂದು ಕೇಳಿದರು. ನಾನು ರೂಢಿಯ ಮೇಲೆ ಇಲ್ಲವೆಂದೆ. ಎದೆಗೂ ಆ ಹಳೆಯ ರಕ್ತದ ಕಾಯಿಲೆಗೂ ಏನು ಸಂಬಂಧ ಎಂಬುದು ನನ್ನ ತರ್ಕ. ಹೆಂಡತಿ ಪಕ್ಕದಿಂದ, "ಕ್ಯಾನ್ಸರ್ ಆಗಿತ್ರಿ ಮೇಡಮ್, ಅದನ್ನ ಬಿಟ್ಟು ಏನೂ ಇಲ್ಲ" ಎಂದಳು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಕೆಂಪು ಔಷಧಿ ಹಾಕಿದ್ರೇನು?"

ದಾಸವಾಳದ ಬಣ್ಣ ಕಣ್ಣ ಮುಂದೆ ಬಂತು. ಅಪ್ಪ, ಅವನ ಕೈಯ ಬಾಟಲಿ, ವಾರ್ಡಿನ ನಗು. ಹೌದು ಎಂದೆ.

ಎದೆಗೆ ತಣ್ಣನೆಯ ಜೆಲ್ ಹಚ್ಚಿ ಎಕೋ ಮಾಡಿದರು. ಪರದೆಯ ಮೇಲೆ ಕಪ್ಪು ಬಿಳುಪಿನಲ್ಲಿ ಏನೋ ಒಂದು ಮುಚ್ಚಿ ತೆರೆದು ಮಾಡುತ್ತಿತ್ತು. ನನ್ನ ಮೈಯಲ್ಲಿ ಮೂವತ್ತೆಂಟು ವರ್ಷದಿಂದ ಒಂದು ಕ್ಷಣವೂ ಕೂರದೆ ಕೆಲಸ ಮಾಡಿದ್ದು ಅದೊಂದೇ ಎಂದು ಆಗ ಅನ್ನಿಸಿತು. ನನಗೆ ನಾಚಿಕೆಯಾಯಿತು.

ಡಾಕ್ಟರು ಸಮಾಧಾನವಾಗಿ ಹೇಳಿದರು. "ನೋಡ್ರಿ, ಆ ಔಷಧಿ ನಿಮ್ಮನ್ನ ಉಳಿಸೈತಿ, ಅದರ ಮ್ಯಾಲೆ ಸಿಟ್ಟು ಮಾಡಬ್ಯಾಡ್ರಿ. ಆದರ ಅದು ಕೆಲವರಿಗೆ ಭಾಳ ವರ್ಷದ ಮ್ಯಾಲೆ ಹೃದಯಕ್ಕ ದಣಿವು ಕೊಡತೈತಿ. ಅದಕ್ಕ ಅವಾಗವಾಗ ಪರೀಕ್ಷೆ ಮಾಡಿಸ್ಕೋತ ಇರಬೇಕು. ನಿಮ್ಮ ಹೃದಯ ರಕ್ತ ಒತ್ತೋದು ಸ್ವಲ್ಪ ಕಮ್ಮಿ ಆಗೈತಿ. ಬಿಪಿನೂ ಏರೈತಿ. ಈಗ ಸಿಕ್ಕದ್ದು ಛಲೋ ಆತು." ಒಂದು ಸಣ್ಣ ಗುಳಿಗೆ ಬರೆದರು. ಉಪ್ಪು, ಎಣ್ಣೆ, ತುಪ್ಪ ಕಡಿಮೆ. ತಂಬಾಕು ಪೂರಾ ಬಂದ್, ಕಚೇರಿಯ ಗೆಳೆಯರ ಜೊತೆ ಎಲೆ ಅಡಿಕೆಗೆ ಚಿಟಿಕೆ ಸೇರಿಸುತ್ತಿದ್ದುದನ್ನು ಹೆಂಡತಿ ಆಗಲೇ ಊದಿಬಿಟ್ಟಿದ್ದಳು. ದಿನಾ ನಡಿಗೆ, ನಿಧಾನವಾಗಿ ಹೆಚ್ಚಿಸುತ್ತ. "ದಮ್ಮು ಕಟ್ಟಿ ದೊಡ್ಡ ಭಾರ ಎತ್ತೋದು ಮಾತ್ರ ಬ್ಯಾಡ, ನಾನು ಹೇಳೋತನಕ. ಮತ್ತ ಆ ಕೆಂಪು ಔಷಧಿ ಒಟ್ಟು ಎಷ್ಟು ಹಾಕ್ಯಾರ ಅನ್ನೋದು ನನಗ ಬೇಕು. ಹಳೇ ಕಾಗದ ಅದಾವೇನು?"

"ಅದಾವ್ರಿ" ಎಂದೆ. "ವಾರಾ ವಾರಾ ಪೂಜಿ ಆಗತೈತಿ."

ಹೊರಗೆ ಬಂದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಬೆಂಚಿನ ಮೇಲೆ ಕೂತೆವು. ನನಗೆ ಭಯವಾಗಿತ್ತು, ಒಂಬತ್ತು ವರ್ಷದವನಿಗೆ ಆಗಿದ್ದ ಅದೇ ಭಯ. ಹೆಂಡತಿ ನನ್ನ ಕೈ ಹಿಡಿದುಕೊಂಡಳು.

ಆ ಭಾನುವಾರ ಊರಿಗೆ ಹೋದೆವು. ಅವ್ವ ಅಲ್ಲಿ ಅಣ್ಣನ ಸಂಸಾರದ ಜೊತೆ ಇದ್ದಾಳೆ, ಆ ಮನೆಯ ಆಡಳಿತ ಇವತ್ತಿಗೂ ಅವಳದೇ. ನಾನು ಹೊಸ್ತಿಲು ದಾಟಿದ ಕೂಡಲೇ ಅವಳು ಮಾಡುವ ಕೆಲಸ ಒಂದಿದೆ. ನೀರು ಕೊಡುವ ಮೊದಲು, ಹೇಗಿದ್ದೀ ಎಂದು ಕೇಳುವ ಮೊದಲು, ನನ್ನ ಎದೆಯ ಮೇಲೆ ಅಂಗೈ ಇಡುತ್ತಾಳೆ. ಆಸ್ಪತ್ರೆಯ ದಿನಗಳಲ್ಲಿ ಪ್ರತಿ ಬೆಳಿಗ್ಗೆ ನಾನು ಕಣ್ಣು ಬಿಡುವ ಮೊದಲೇ ಹೀಗೆ ಕೈ ಇಟ್ಟು, ಉಸಿರು ಆಡುತ್ತಿದೆಯೇ ಎಂದು ನೋಡುತ್ತಿದ್ದಳು. ಕಾಯಿಲೆ ಹೋದರೂ ಆ ಕೈ ಹೋಗಲಿಲ್ಲ. ಅಂದೂ ಇಟ್ಟಳು, ತೃಪ್ತಿಯಿಂದ ತಲೆಯಾಡಿಸಿದಳು, ಒಳಗೆ ಹೋಗಿ ತುಪ್ಪದ ಡಬ್ಬಿ ತಂದಳು.

ವಿಷಯ ಹೇಳಿದೆ. ಎದೆ ದಣಿದಿದೆ, ಡಾಕ್ಟರು ನಡೆಯಲಿಕ್ಕೆ ಹೇಳಿದ್ದಾರೆ, ಕಡತ ಬೇಕು ಎಂದೆ. ಅವ್ವನ ಮುಖ ಬಾಡಿತು.

"ದಣಿದೈತಿ ಅಂದ್ರ ಕುಂದ್ರಬೇಕೋ ನಡೀಬೇಕೋ? ಯಾವ ಸೀಮಿ ಡಾಕ್ಟರ್ ಆಕಿ?"

"ಅವ್ವಾ, ಕುಂತು ಕುಂತ ಹಿಂಗ ಆಗೈತಿ."

"ಕುಂತದ್ದಕ್ಕ ಉಳಿದೀಯಪ್ಪಾ ನೀನು. ನಾ ಮಾತು ಕೊಟ್ಟೀನಿ ಅವಗ. ಮಾತು ತಪ್ಪಿದರ ಅವ ಕೊಟ್ಟದ್ದು ವಾಪಸ್ ತಗೋತಾನ." ಹೀಗೆ ಹೇಳುತ್ತಲೇ ನನ್ನ ತಾಟಿನ ಹೋಳಿಗೆ ಮೇಲೆ ತುಪ್ಪ ಸುರಿದಳು. ನನ್ನ ಎದೆಯ ಬಗ್ಗೆ ನನಗೆ ಎಷ್ಟು ಭಯವಿತ್ತೋ ಅದರ ಹತ್ತು ಪಟ್ಟು ಅವಳಿಗಿತ್ತು. ನನಗೆ ಔಷಧಿಯಾದ ನಡಿಗೆ ಅವಳ ಲೆಕ್ಕದಲ್ಲಿ ವಿಷವಾಗಿತ್ತು, ಅವಳ ಔಷಧಿ ನನ್ನ ತಾಟಿನಲ್ಲಿ ಕರಗುತ್ತಿತ್ತು. ತಾಟಿನ ಮುಂದೆ ಕೂತೆ, ಕೂರುವುದರಲ್ಲಿ ನನಗೆ ಅಭ್ಯಾಸ ಚೆನ್ನಾಗಿತ್ತು.

ಅಣ್ಣ ಮೆಕ್ಕೆಜೋಳದ ಚೀಲ ಇಳಿಸಿ ಬಂದು ಕಂಬಕ್ಕೆ ಒರಗಿದ. ಎಲ್ಲ ಕೇಳಿದ ಮೇಲೆ, "ಡಾಕ್ಟರ್ ನನಗೂ ನೋಡಲಿ ಹಂಗಾರ" ಎಂದ. "ಇಷ್ಟು ವರ್ಷ ಇವನ ಪಾಲಿನ ಕೆಲಸಾನೂ ನಾನ ಮಾಡೀನಿ. ನನ್ನ ಎದಿ ಟ್ರ್ಯಾಕ್ಟರ್ ಇದ್ದಂಗ ಐತಿ. ತ್ರಾಸ ಕೊಡಾಕತ್ತಾನ ಅಂದ್ಕೊಂಡಿದ್ದೆ, ಔಷಧಿ ಕೊಡಾಕತ್ತಿದ್ದೆಲ್ಲೋ ತಮ್ಮಾ!" ತಮಾಷೆಯಾಗಿಯೇ ಹೇಳಿದ. ಆದರೆ ಅಷ್ಟು ವರ್ಷದಲ್ಲಿ ಅವನು ಆ ಮಾತೆತ್ತಿದ್ದು ಅದೊಂದೇ ಸಲ. ನಾನು ತಲೆ ತಗ್ಗಿಸಿ ಹೋಳಿಗೆ ನೋಡಿದೆ.

ಹೆಂಡತಿ ಎದ್ದು ದೇವರ ಜಗಲಿಯ ಮುಂದೆ ಹೋಗಿ ನಿಂತಳು. "ಅತ್ತೀ, ಹರಕಿ ಹೊತ್ತೋರು ನೀವು, ಹೋರಿ ಇವರು. ನಾನು ಆಮ್ಯಾಲೆ ಗಂಗಾವತಿಯಿಂದ ಬಂದಾಕಿ. ನಿಮ್ಮ ಮಾತು ನನಗ ಹತ್ತಂಗಿಲ್ಲ. ಗಂಟು ನಾ ಬಿಚ್ಚತೀನಿ. ಬಂದದ್ದು ನನಗ ಬರಲಿ."

"ಏ, ಹುಚ್ಚಿ!" ಎಂದು ಅವ್ವ ಎದ್ದೇಬಿಟ್ಟಳು. ಸೊಸೆಯ ಕೈ ಹಿಡಿದು ಈಚೆ ಎಳೆದಳು. "ನಿನಗ್ಯಾಕ ಬರಬೇಕು? ಕಟ್ಟಿದಾಕಿ ನಾನು. ಬಿಚ್ಚಾಕಿನೂ ನಾನ." ಕೈಕಾಲು ತೊಳೆದುಕೊಂಡು ಬಂದಳು, ಊದುಬತ್ತಿ ಹಚ್ಚಿದಳು, ಬಸವಣ್ಣನಿಗೆ ಏನೋ ಪಿಸುಗುಟ್ಟಿದಳು. ಆಮೇಲೆ ಗಂಟಿಗೆ ಕೈ ಹಾಕಿದಳು. ಇಪ್ಪತ್ತೆರಡು ವರ್ಷದ ಕುಂಕುಮ ಹೆಪ್ಪುಗಟ್ಟಿ ಗಂಟು ಕಲ್ಲಾಗಿತ್ತು. ಕೊನೆಗೆ ಅಣ್ಣ ಕುಡುಗೋಲು ತರಬೇಕಾಯಿತು.

ಒಳಗಿಂದ ಕಾಯಿಲೆ ಹೊರಬರಲಿಲ್ಲ, ಒಂದು ಜಿರಲೆ ಬಂತು. ಅವ್ವ ಚೀರಿದಳು, ಅಣ್ಣ ನಕ್ಕ, ಹೆಂಡತಿ ಚಪ್ಪಲಿ ತೆಗೆದುಕೊಂಡಳು. ದೇವರ ಮನೆಯಲ್ಲಿ ಚಪ್ಪಲಿಯೇ ಎಂದು ಅವ್ವ ಮತ್ತೆ ಚೀರಿದಳು. ಆ ಗದ್ದಲದಲ್ಲಿ ಕಡತ ನನ್ನ ಕೈಗೆ ಬಂತು. ಅರ್ಧ ಹಾಳೆಗಳು ಕೆಂಪಾಗಿದ್ದವು, ಆದರೆ ಓದಬಹುದಿತ್ತು. ಡಾಕ್ಟರು ಕೇಳಿದ್ದ ಔಷಧಿಯ ಪಟ್ಟಿ ಅಚ್ಚುಕಟ್ಟಾಗಿ ಇಂಗ್ಲಿಷಿನಲ್ಲಿತ್ತು. ರೂಢಿಯಂತೆ ಕೊನೆಯ ಹಾಳೆವರೆಗೆ ಬಂದೆ. ಅಲ್ಲಿ ಕನ್ನಡದಲ್ಲಿ, ಕೈಬರಹದಲ್ಲಿ, ನಾಲ್ಕೈದು ಸಾಲು ಇದ್ದವು. ನಮ್ಮ ಅಪ್ಪನಂಥವನೂ ಓದಲಿ ಎಂದು ಆ ಡಾಕ್ಟರು ದಪ್ಪ ದಪ್ಪ ಅಕ್ಷರದಲ್ಲಿ ಬಿಡಿಸಿ ಬರೆದಿದ್ದರು.

"ಏನ್ ಬರದಾರ?" ಎಂದಳು ಅವ್ವ. ಅವಳಿಗೆ ಓದು ಬರುವುದಿಲ್ಲ.

ನಾನು ಮೊದಲ ಸಾಲುಗಳನ್ನು ಓದಿದೆ. ಹುಡುಗನಿಗೆ ಕೊಟ್ಟ ಕೆಂಪು ಔಷಧಿಯಿಂದ ಮುಂದೆ ಹೃದಯಕ್ಕೆ ತೊಂದರೆ ಆಗಬಹುದು, ಎರಡು ವರ್ಷಕ್ಕೊಮ್ಮೆ ಹೃದಯದ ಪರೀಕ್ಷೆ ಮಾಡಿಸಿ. ಅಷ್ಟಕ್ಕೇ ಕಡತ ಮುಚ್ಚಿದೆ.

"ಇನ್ನೂ ಎರಡು ಸಾಲು ಅದಾವಲ್ಲೋ. ಅಕ್ಷರ ಬರದಿದ್ದರೂ ಸಾಲು ಎಣಸಾಕ ಬರತೈತಿ ನನಗ."

ನಾನು ಓದಲಾರದೆ ಹೋದೆ. ಹೆಂಡತಿ ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ತರಗತಿಯಲ್ಲಿ ಓದುವಂತೆ ನಿಧಾನವಾಗಿ, ಮೆತ್ತಗೆ ಓದಿದಳು. "ಹುಡುಗ ಈಗ ಚೆನ್ನಾಗಿದ್ದಾನೆ. ಎಲ್ಲ ಹುಡುಗರ ಹಾಗೆ ಓಡಲಿ, ಆಡಲಿ. ಮನೆಯಲ್ಲಿ ಕೂಡಿಸಬೇಡಿ."

ಅವ್ವ ಜಗಲಿಯ ಕಟ್ಟೆಗೆ ಬೆನ್ನು ಕೊಟ್ಟು ಕೂತಳು. ಆ ಹಾಳೆಯನ್ನು ಇಸಿದುಕೊಂಡು ಅಕ್ಷರಗಳ ಮೇಲೆ ಬೆರಳಾಡಿಸಿದಳು. "ವಾರಾ ವಾರಾ ಕುಂಕುಮ ಹಚ್ಚೀನಿ" ಎಂದಳು. "ಮಾತಾಡಾಕತ್ತಿತ್ತು ಅದು. ನಾನು ಬಾಯಿ ಕಟ್ಟಿ ಕುಂದ್ರಿಸೀನಿ." ಕಣ್ಣಲ್ಲಿ ನೀರು ಇಳಿಯಿತು. ನನ್ನ ಎದೆಯೂ ಹಿಂಡಿತು, ಅದು ಕೆಂಪು ಔಷಧಿಯ ಕೆಲಸವಾಗಿರಲಿಲ್ಲ. ಅವಳ ಪಕ್ಕ ಹೋಗಿ ಕೂತು, ಬಸ್ಸಿನಲ್ಲಿ ಅದರ ಮೇಲೆ ಮಂಡಕ್ಕಿ ತಿಂದವನು ನಾನೇ, ನನಗೆ ಓದು ಬರುತ್ತಿತ್ತಲ್ಲ, ತಪ್ಪು ನನ್ನದು ಎಂದೆ. ನಿಜವಾಗಿ ನಂಬಿಯೇ ಹೇಳಿದೆ.

ಅವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡು ಬಸವಣ್ಣನ ಕಡೆ ನೋಡುತ್ತ ಕೂತಿದ್ದಳು. ಒಮ್ಮೆಲೇ ಅಣ್ಣನತ್ತ ತಿರುಗಿದಳು.

"ಲೇ, ನಮ್ಮೂರ ದೇವರ ಹೋರಿ ದಿನಾ ಎಲ್ಲೀತನಕ ಹೋಗತಿತ್ತು?"

"ಎಲ್ಲೀತನಕ ಅಂದ್ರ? ಕುಷ್ಟಗಿ ರಸ್ತಾತನಕ ಹೋಗಿ ಬರತಿತ್ತು. ನಾಕು ಊರಿನ ಹೊಲ ತಿರುಗತಿತ್ತು."

"ಯಾರರ ಅದನ್ನ ಕಟ್ಟಿದ್ರೇನು?"

"ದೇವರ ಹೋರಿನ್ನ ಯಾರು ಕಟ್ಟತಾರಬೇ?"

ಅವ್ವ ತೊಡೆ ಬಡಿದುಕೊಂಡಳು. "ನೋಡು ಮತ್ತ! ನಾ ಮಾತು ಕೊಟ್ಟದ್ದು ನೊಗ ಇಡಂಗಿಲ್ಲ ಅಂತ. ನಡಸಂಗಿಲ್ಲ ಅಂತ ಅಲ್ಲ. ಬಿಟ್ಟ ಹೋರಿ ತಿರುಗಬೇಕು. ನಾ ಇವನ್ನ ಬಿಡ್ತೀನಿ ಅಂತ ಹೇಳಿ, ಮನ್ಯಾಗ ಕಟ್ಟಿ ಮೇಯಿಸೀನಿ. ಮಾತು ತಪ್ಪಿದ್ದು ನಾನ!" ಆಮೇಲೆ ನನ್ನತ್ತ ತಿರುಗಿ, "ಆ ಡಾಕ್ಟರವ್ವ ಭಾರ ಎತ್ತೋದರ ಬಗ್ಗೆ ಏನಂದಳು?" ಎಂದು ಕೇಳಿದಳು.

"ದೊಡ್ಡ ಭಾರ ಬ್ಯಾಡ ಅಂದಾರ."

"ಅಂದ್ರ ನೊಗ ಬ್ಯಾಡ, ತಿರುಗಾಟ ಇರಲಿ. ಬಸವಣ್ಣನೂ ಡಾಕ್ಟರೂ ಒಂದ ಮಾತು ಹೇಳ್ಯಾರ. ನಡುವ ನನಗ ತಿಳೀಲಿಲ್ಲ." ಎದ್ದು ಬಂದು ನನ್ನ ತಾಟು ಎತ್ತಿ, ತುಪ್ಪದ ಹೋಳಿಗೆಯನ್ನು ಅಣ್ಣನ ತಾಟಿಗೆ ಹಾಕಿದಳು. "ನೀ ಉಣ್ಣಪ್ಪಾ, ದುಡದಾವ." ನಾನು ಬಾಯಲ್ಲಿ ನೀರು ತುಂಬಿಕೊಂಡು ನೋಡಿದೆ. ಅಣ್ಣ ಒಂದೊಂದೇ ಚೂರು ಮುರಿದು, ನನ್ನನ್ನು ನೋಡುತ್ತ, ಬಹಳ ಹೊತ್ತು ಉಂಡ.

ಒಮ್ಮೆ ನಂಬಿದಳೆಂದರೆ ಅವ್ವ ಅರ್ಧಕ್ಕೆ ನಿಲ್ಲುವವಳಲ್ಲ. ಆ ಸಂಜೆಯೇ ಓಣಿಯ ತುದಿಯಿಂದ ತುದಿಗೆ ಹೋಗಿ ಹೊಸ ಹರಕೆ ಸಾರಿದಳು. "ನನ್ನ ಮಗಗ ಯಾರರ ಭಜಿ, ಹಪ್ಪಳ, ಉಪ್ಪಿನಕಾಯಿ ಕೊಟ್ಟೀರಿ, ಅವರ ಮನಿ ಕಟ್ಟಿ ಹತ್ತಂಗಿಲ್ಲ ನಾನು." ಊರು ಹಳೆಯ ಹರಕೆಯನ್ನು ನಡೆಸಿದಷ್ಟೇ ಶ್ರದ್ಧೆಯಿಂದ ಇದನ್ನೂ ನಡೆಸುತ್ತಿದೆ. ಮೊದಲು ಕೂರು ಎನ್ನುತ್ತಿದ್ದವರು ಈಗ ಕೂರಲು ಬಿಡುವುದಿಲ್ಲ. ಗುಡಿಯ ಕಟ್ಟೆಯ ಮೇಲೆ ಎರಡು ನಿಮಿಷ ಕೂತರೆ, "ಏ ಹೋರಿ, ಎದ್ದು ಅಡ್ಡಾಡು, ನಿಮ್ಮವ್ವ ಬರಾಕತ್ತಾಳ" ಎನ್ನುತ್ತಾರೆ. ಉಪ್ಪಿಲ್ಲದ ಮಜ್ಜಿಗೆ ಮಾತ್ರ ಧಾರಾಳ. ಕುಷ್ಟಗಿಯ ಚಿಗವ್ವ ಈಗಲೂ ಡಬ್ಬಿ ಕಳಿಸುತ್ತಾಳೆ, ಅದರಲ್ಲಿ ಹುರಿಯದ, ಉಪ್ಪು ಕಾಣದ ಶೇಂಗಾ ಇರುತ್ತದೆ. ಅದನ್ನು ತಿನ್ನುವಾಗ ಹಳೆಯ ಹೋಳಿಗೆ ನೆನೆದು ನಾನು ನಿಟ್ಟುಸಿರು ಬಿಡುತ್ತೇನೆ. ನಿಟ್ಟುಸಿರು ಹೃದಯಕ್ಕೆ ಒಳ್ಳೆಯದೇ ಕೆಟ್ಟದ್ದೇ ಎಂದು ಡಾಕ್ಟರನ್ನು ಕೇಳಬೇಕು.

ಕೊಪ್ಪಳದಲ್ಲಿ ದಿನಾ ಬೆಳಿಗ್ಗೆ ಹೆಂಡತಿಯ ಜೊತೆ ನಡೆಯುತ್ತೇನೆ. ಮೊದಲ ವಾರ ಓಣಿಯ ತಿರುವಿನವರೆಗೆ, ಆಮೇಲೆ ಬಸ್‌ಸ್ಟ್ಯಾಂಡಿನವರೆಗೆ. ತಿಂಗಳುಗಳ ಮೇಲೆ ಒಂದು ದಿನ ಸ್ಟೇಷನ್ನಿನ ಮೇಲ್ಸೇತುವೆಯನ್ನು ನಿಲ್ಲದೆ ದಾಟಿದೆ. ಆಚೆ ಬದಿ ಇಳಿದು, ಫೋನನ್ನು ಬೇಕೆಂದೇ ಉಲ್ಟಾ ಹಿಡಿದು, "ಹಲೋ, ಕಚೇರಿಯವರೇನ್ರಿ?" ಎಂದೆ. ಹೆಂಡತಿ ನಕ್ಕು ನಕ್ಕು ಕಂಬಿ ಹಿಡಿದುಕೊಂಡಳು, ಅಂದು ಏದುಸಿರು ಬಿಟ್ಟವಳು ಅವಳು. ಹೋದ ತಿಂಗಳು ಮತ್ತೆ ಎಕೋ ಆಯಿತು. ನನ್ನ ಹೃದಯ ಹುಡುಗನ ಹೃದಯವಾಗಿಲ್ಲ, ಗುಳಿಗೆಯೂ ನಿಂತಿಲ್ಲ. ಆದರೆ ಅದು ಇನ್ನೂ ಕೆಳಗೆ ಜಾರಿಲ್ಲ, ಸ್ವಲ್ಪ ಮೇಲೆಯೇ ಬಂದಿದೆ. "ಹಿಂಗ ನಡಸ್ರಿ" ಎಂದರು ಡಾಕ್ಟರು. ಕಡತ ಈಗ ನನ್ನ ಕಪಾಟಿನಲ್ಲಿದೆ, ಎಕೋದ ಹೊಸ ಹಾಳೆಗಳೂ ಅದರೊಳಗೇ ಸೇರುತ್ತವೆ. ಕೊನೆಯ ಹಾಳೆಯನ್ನು ಮಾತ್ರ ಅವ್ವ ಇಟ್ಟುಕೊಂಡಿದ್ದಾಳೆ. ಅದು ಜಗಲಿಯ ಮೇಲೆ ಬಸವಣ್ಣನ ಪಕ್ಕ ಬಿಚ್ಚಿಕೊಂಡೇ ಇದೆ, ಕುಂಕುಮವನ್ನು ಅಕ್ಷರಕ್ಕೆ ತಾಗದಂತೆ ಮೂಲೆಗೆ ಹಚ್ಚುತ್ತಾಳೆ.

ಎಕೋ ಆದ ಮರುವಾರ ಊರಿಗೆ ಹೋಗಿದ್ದೆ. ಅಲ್ಲಿ ನನ್ನನ್ನು ನಡೆಸುವ ಕೆಲಸ ಅವ್ವನದು. ಬೆಳಗಿನ ತಂಪಿನಲ್ಲಿ ಅಣ್ಣನ ಹೊಲದ ದಾರಿ ಹಿಡಿದೆವು. ಎಪ್ಪತ್ತು ದಾಟಿದವಳು, ಕೈಯಲ್ಲಿ ಒಂದು ಬಡಿಗೆ, ನನ್ನ ಹಿಂದೆ ಹಿಂದೆ. ಹೊಲ ಮುಟ್ಟುವ ಮೊದಲು ಒಂದು ದಿನ್ನೆ ಇದೆ. ಚಿಕ್ಕವನಿದ್ದಾಗ ಅಣ್ಣ ನನ್ನನ್ನು ಬೆನ್ನ ಮೇಲೆ ಹೊತ್ತು ಬಸ್ಸಿನ ರಸ್ತೆಗೆ ಇಳಿಯುತ್ತಿದ್ದ ದಿನ್ನೆ. ಅಂದು ಅದನ್ನು ಒಂದೇ ದಮ್ಮಿಗೆ ಹತ್ತಿ ಮೇಲೆ ನಿಂತೆ. ಕರಿ ಮಣ್ಣಿನ ಹೊಲಗಳು ಎಳೆಬಿಸಿಲಿನಲ್ಲಿ ಕುಷ್ಟಗಿ ರಸ್ತೆಯವರೆಗೂ ಹಾಸಿದ್ದವು. ಅಷ್ಟು ದೂರ ಆ ಹೋರಿ ದಿನಾ ಹೋಗಿಬರುತ್ತಿತ್ತು ಎಂಬುದನ್ನು ಮೊದಲ ಸಲ ಕಣ್ಣಾರೆ ಅಳೆದೆ.

ಅವ್ವ ಬಡಿಗೆ ಊರುತ್ತ ಮೇಲೆ ಬಂದಳು. "ನಿಂದರು" ಎಂದಳು. ಬಡಿಗೆಯನ್ನು ಕಂಕುಳಿಗೆ ಸಿಕ್ಕಿಸಿ, ಎಂದಿನಂತೆ ನನ್ನ ಎದೆಯ ಮೇಲೆ ಅಂಗೈ ಇಟ್ಟಳು. ಒಳಗೆ ಡಬಡಬ ಬಡಿಯುತ್ತಿತ್ತು. ಇಂಥ ಬಡಿತ ಅವಳ ಕೈಗೆ ಸಿಕ್ಕಿದ್ದು ಆ ಆಸ್ಪತ್ರೆಯ ವಾರದ ನಂತರ ಇದೇ ಮೊದಲು. ಅವಳ ಕಣ್ಣಲ್ಲಿ ಹಳೆಯ ಹೆದರಿಕೆ ಎದ್ದದ್ದು ಕಂಡಿತು, ಇನ್ನೇನು ಕೂರು ಎಂದುಬಿಡುತ್ತಾಳೆ ಎಂದುಕೊಂಡೆ. ದಿನ್ನೆಯ ಮೇಲೆ ಕೂರಲಿಕ್ಕೆ ಒಳ್ಳೆಯ ಕಲ್ಲೂ ಒಂದಿತ್ತು.

ಅವಳು ಕಲ್ಲಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

"ಬಡಕೊಳ್ಳಾಕತ್ತೈತಿ" ಎಂದಳು.

"ಹೂಂ ಅವ್ವಾ."

"ಬಡಕೊಳ್ಳಲಿ." ಎದೆಯ ಮೇಲಿನ ಕೈಯನ್ನು ತೆಗೆದು, ಅದೇ ಕೈಯಿಂದ ನನ್ನ ಬೆನ್ನಿಗೆ ಒಂದು ಪೆಟ್ಟು ಕೊಟ್ಟಳು. "ನಡಿ ಮುಂದ."